ಮೈ ನೆರೆತದ್ದು ಮದುವೆಗೆ ಕೊಟ್ಟ ಒಪ್ಪಿಗೆಯಲ್ಲ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಸ್ವಸಹಾಯ ಸಂಘದವರು ನನ್ನನ್ನು ತಮ್ಮ ಸಭೆಗೆ ಕರೆದಿದ್ದರು. ‘ಮಹಿಳೆ ಮತ್ತು ಆರೋಗ್ಯ’ ಎಂದು ವಿಷಯ ಕೊಟ್ಟಿದ್ದರು. ನಾನು ಮಾತಾಡುವ ಮೊದಲು ಸಂಘದ ವ್ಯವಹಾರ ಮುಗಿಯಬೇಕಿತ್ತು. ಉಳಿತಾಯ ಜಮಾ ಆಯಿತು, ಸಾಲದ ಕಂತು ಜಮಾ ಆಯಿತು. ಆಮೇಲೆ ಒಬ್ಬ ಸದಸ್ಯೆ ಎದ್ದು ನಿಂತು ಮಗಳ ಮದುವೆಗೆ 50,000 ರೂಪಾಯಿ ಸಾಲ ಬೇಕೆಂದು ಕೇಳಿದರು. ಹುಡುಗಿ ಏನು ಮಾಡುತ್ತಿದ್ದಾಳೆ ಎಂದು ನಾನು ವಿಚಾರಿಸಿದೆ. ಹತ್ತನೇ ತರಗತಿಯಂತೆ. ವಯಸ್ಸು ಹದಿನಾರು ತುಂಬಿಲ್ಲ.

“ಇನ್ನೂ ಸಣ್ಣಾಕಿ ಅಲ್ಲೇನವಾ?” ಎಂದೆ.

“ಸಣ್ಣಾಕಿ ಎಲ್ಲಿ ಬಂತ್ರಿ ಮೇಡಂ? ಆಕಿ ದೊಡ್ಡಾಕಿ ಆಗಿ ಮೂರು ವರ್ಷ ಆತು. ಇನ್ನ ಎಷ್ಟ ದಿವಸ ಮನ್ಯಾಗ ಇಟ್ಕೊಂಡು ಕುಂದ್ರೂದ್ರಿ? ಈಗಾದ್ರ ವರೋಪಚಾರ ಕಡಿಮಿ ಕೇಳ್ಯಾರ. ನಾಳೆ ಕಾಲೇಜಿಗೆ ಹೋದ್ಲು ಅಂದ್ರ ಅಷ್ಟ ಕಲಿತ ವರಾನ ಹುಡುಕಬೇಕು, ಅಷ್ಟ ರೊಕ್ಕಾನೂ ಕೊಡಬೇಕು.”

ಸಭೆಯಲ್ಲಿದ್ದ ಹದಿನೈದು ಜನರಲ್ಲಿ ಹೆಚ್ಚಿನವರು ಹೌದೆಂದು ತಲೆಯಾಡಿಸಿದರು. ಆ ತಾಯಿ ಕೆಟ್ಟವಳಲ್ಲ, ತನ್ನ ಮಗಳ ಮೇಲೆ ಪ್ರೀತಿ ಇಲ್ಲದವಳೂ ಅಲ್ಲ. ಆಕೆಯ ಲೆಕ್ಕ ಆಕೆಗೆ ಸರಿಯಾಗಿಯೇ ಇದೆ. ಆದರೆ ಆ ಲೆಕ್ಕ ನಿಂತಿರುವುದು ಎರಡು ಕಂಬಗಳ ಮೇಲೆ. ಒಂದು ವರದಕ್ಷಿಣೆ. ಇನ್ನೊಂದು, ಹುಡುಗಿಯ ಮೈಗೆ ಮುಟ್ಟು ಬಂತು ಎಂದರೆ ಆ ಮೈ ಗಂಡನ ಮನೆಗೆ ಸಿದ್ಧವಾಯಿತು ಎಂಬ ನಂಬಿಕೆ. ಮೊದಲನೆಯದರ ವಿರುದ್ಧ ನಾವು ವರ್ಷಗಟ್ಟಲೆ ಮಾತಾಡಿದ್ದೇವೆ, ಮೆರವಣಿಗೆ ತೆಗೆದಿದ್ದೇವೆ, ಕಾಯ್ದೆ ತಂದಿದ್ದೇವೆ. ಎರಡನೆಯದರ ಬಗ್ಗೆ ಬಾಯಿ ಬಿಟ್ಟಿಲ್ಲ. ಬಾಯಿ ಬಿಡದವರಲ್ಲಿ ನಾನೂ ಒಬ್ಬಳು ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ.

ನಾನು ಬಿಟ್ಟುಬಿಟ್ಟ ಪಾಠ

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಾಣಿಶಾಸ್ತ್ರ ಕಲಿಸಿದವಳು. ಕಪ್ಪೆಯನ್ನು ಕೊಯ್ದು ಅದರ ಅಂಡಾಶಯ ತೋರಿಸುತ್ತಿದ್ದೆ. ಹಣ್ಣಿನ ನೊಣದ ವರ್ಣತಂತುಗಳ ಚಿತ್ರ ಬರೆಸುತ್ತಿದ್ದೆ. ಆದರೆ ಮನುಷ್ಯರ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ “ಇದನ್ನು ನೀವೇ ಓದಿಕೊಳ್ಳಿ” ಎಂದು ಪುಟ ಮಗುಚುತ್ತಿದ್ದೆ. ಹುಡುಗರು ಹಿಂದಿನ ಬೆಂಚಿನಲ್ಲಿ ಮುಸಿಮುಸಿ ನಗುತ್ತಿದ್ದರು, ಹುಡುಗಿಯರು ತಲೆ ತಗ್ಗಿಸುತ್ತಿದ್ದರು, ನಾನು ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದೆ. ಯಾರೂ ಕೇಳಲಿಲ್ಲ, ಯಾರೂ ದೂರಲಿಲ್ಲ.

ಆ ತರಗತಿಯಲ್ಲಿದ್ದ ಒಬ್ಬ ಹುಡುಗಿ ಎಷ್ಟೋ ವರ್ಷದ ಮೇಲೆ ದಾಂಡೇಲಿ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕೈಯಲ್ಲಿ ಒಂದು ಕೂಸು, ಸೆರಗು ಹಿಡಿದುಕೊಂಡು ಇನ್ನಿಬ್ಬರು. ಮೂವರೂ ಹೆಣ್ಣು. ಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು. ಮೂರನೆಯದೂ ಹೆಣ್ಣಾದದ್ದಕ್ಕೆ ಗಂಡ ಹೊಡೆದದ್ದು ಎಂದಳು. ತವರಿನಿಂದ ಇನ್ನಷ್ಟು ತರದಿದ್ದರೆ ಬೇರೆ ಮದುವೆ ಮಾಡಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ್ದನಂತೆ. ಗಂಡ ಯಾರೆಂದು ಕೇಳಿದೆ. ಅವನೂ ನನ್ನ ವಿದ್ಯಾರ್ಥಿಯೇ! ಮಗುವಿನ ಲಿಂಗ ಹೇಗೆ ನಿರ್ಧಾರವಾಗುತ್ತದೆ ಎಂಬ ಪ್ರಶ್ನೆಗೆ ಚಿತ್ರ ಸಮೇತ ಉತ್ತರ ಬರೆದು ಪೂರ್ತಿ ಅಂಕ ಪಡೆದವನು. ಪರೀಕ್ಷೆಯ ಹಾಳೆಯ ಮೇಲೆ ಬರೆದದ್ದು ತನ್ನ ಮೈಗೂ ತನ್ನ ಹೆಂಡತಿಯ ಮೈಗೂ ಸಂಬಂಧಪಟ್ಟದ್ದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು. ಅವಳ ಹುಬ್ಬಿನ ಮೇಲಿನ ಆ ಗುರುತಿನಲ್ಲಿ ನನ್ನ ಪಾಲೂ ಇದೆ ಎಂದು ಅವತ್ತಿನಿಂದ ನನಗೆ ಅನ್ನಿಸಿದೆ. ಹಾಗಾಗಿ ಆಗ ಬಿಟ್ಟ ಪಾಠವನ್ನು ಈಗ ನಿಮ್ಮ ಮುಂದೆ ಮಾಡುತ್ತಿದ್ದೇನೆ.

ಹೆಣ್ಣೋ ಗಂಡೋ, ಯಾರ ಕೈಯಲ್ಲಿದೆ?

ನಮ್ಮ ಮೈಯ ಪ್ರತಿ ಜೀವಕೋಶದಲ್ಲೂ 23 ಜೊತೆ ವರ್ಣತಂತುಗಳಿರುತ್ತವೆ. ಅದರಲ್ಲಿ ಒಂದು ಜೊತೆ ಲಿಂಗಕ್ಕೆ ಸಂಬಂಧಪಟ್ಟದ್ದು. ಸಾಮಾನ್ಯವಾಗಿ ಹೆಣ್ಣಿನಲ್ಲಿ ಎರಡೂ ಎಕ್ಸ್, ಗಂಡಿನಲ್ಲಿ ಒಂದು ಎಕ್ಸ್ ಒಂದು ವೈ. ತಾಯಿಯ ಅಂಡಾಣು ಕೊಡುವುದು ಯಾವಾಗಲೂ ಎಕ್ಸ್ ಮಾತ್ರ, ಅವಳಲ್ಲಿ ಬೇರೆ ಇಲ್ಲವೇ ಇಲ್ಲ. ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧ ಎಕ್ಸ್ ಹೊತ್ತಿರುತ್ತವೆ, ಇನ್ನರ್ಧ ವೈ ಹೊತ್ತಿರುತ್ತವೆ. ಎಕ್ಸ್ ಬಂದು ಸೇರಿದರೆ ಹೆಣ್ಣು, ವೈ ಬಂದು ಸೇರಿದರೆ ಗಂಡು. ಯಾವುದು ಸೇರುತ್ತದೆ ಎಂಬುದು ತಂದೆಯ ಇಚ್ಛೆಯೂ ಅಲ್ಲ, ತಾಯಿಯ ಪಾಪವೂ ಅಲ್ಲ. ಅದು ಆಕಸ್ಮಿಕ. ಆದರೆ ಬೈಯಲೇಬೇಕು ಎಂದು ಹಟ ಹಿಡಿದವರು ಬೈಯಬೇಕಾದದ್ದು ಸೊಸೆಯನ್ನಲ್ಲ, ಮಗನನ್ನು!

ಈ ಸತ್ಯವನ್ನು ಲೋಕಕ್ಕೆ ತಿಳಿಸಿದವರಲ್ಲಿ ಒಬ್ಬ ಹೆಣ್ಣುಮಗಳು ಇದ್ದಾಳೆ ಎಂಬುದನ್ನು ನೀವು ನೆನಪಿಡಬೇಕು. ಅಮೆರಿಕದ ನೆಟ್ಟಿ ಸ್ಟೀವನ್ಸ್ 1905ರಲ್ಲಿ ಹಿಟ್ಟಿನಲ್ಲಿ ಬೀಳುವ ಹುಳುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಗಂಡು ಹುಳುವಿನ ವೀರ್ಯಾಣುವಿನಲ್ಲಿರುವ ಸಣ್ಣ ವರ್ಣತಂತುವೇ ಮರಿಯ ಲಿಂಗವನ್ನು ನಿರ್ಧರಿಸುತ್ತದೆ ಎಂದು ತೋರಿಸಿದಳು. ಅದಾಗಿ ನೂರಿಪ್ಪತ್ತು ವರ್ಷ ಆಗಿದೆ. ಹಿಟ್ಟಿನ ಹುಳು ಹೇಳಿದ ಸತ್ಯ ನಮ್ಮ ಅಡಿಗೆಮನೆಯ ತನಕ ಇನ್ನೂ ಬಂದು ಮುಟ್ಟಿಲ್ಲ.

ಸತ್ಯ ಬರಲಿಲ್ಲ, ಯಂತ್ರ ಮಾತ್ರ ಬಂತು. ಹೊಟ್ಟೆಯಲ್ಲಿರುವುದು ಹೆಣ್ಣೆಂದು ಸ್ಕ್ಯಾನಿಂಗ್ ಮಾಡಿ ತಿಳಿದು ತೆಗೆಸುವುದು ಹೆಚ್ಚಾದಾಗ 1994ರಲ್ಲಿ ಪ್ರಸವಪೂರ್ವ ಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ ಬಂತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಲಿಂಗ ಹೇಳುವ ಡಾಕ್ಟರೂ, ಹೇಳಿ ಎಂದು ಕೇಳುವ ಮನೆಯವರೂ ಅಪರಾಧಿಗಳು. ಒತ್ತಾಯಕ್ಕೆ ಸಿಕ್ಕಿ ಹೋದ ಬಸುರಿಯನ್ನು ಕಾಯ್ದೆ ಅಪರಾಧಿ ಎಂದು ನೋಡುವುದಿಲ್ಲ. ಇದನ್ನು ನಿಮ್ಮ ಸಂಘದ ಪ್ರತಿಯೊಬ್ಬ ಸೊಸೆಗೂ, ಅದಕ್ಕಿಂತ ಮೊದಲು ಪ್ರತಿಯೊಬ್ಬ ಅತ್ತೆಗೂ ತಿಳಿಸಿ.

ಮಕ್ಕಳಾಗದಿದ್ದರೂ ಅಷ್ಟೆ. ‘ಬಂಜೆ’ ಎಂಬ ಮಾತು ನಮ್ಮಲ್ಲಿ ಹೆಣ್ಣಿಗೆ ಮಾತ್ರ ಮೀಸಲು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನಲ್ಲೂ ಕಾರಣ ಇರುತ್ತದೆ. ಅವನ ವೀರ್ಯ ಪರೀಕ್ಷೆ ಸುಲಭದ್ದು, ಖರ್ಚು ಕಡಿಮೆ, ನೋವಿಲ್ಲ. ಆದರೂ ದೇವರು, ದಿಂಡರು, ಔಷಧಿ, ಆಪರೇಶನ್ನು ಎಂದು ತಿರುಗುವುದು ಹೆಂಡತಿಯೇ. ಗಂಡನ ಪರೀಕ್ಷೆ ಮೊದಲು ಆಗಲಿ ಎಂದು ಕೇಳುವ ಧೈರ್ಯ ಒಬ್ಬಳಿಗೆ ಇರಲಿಕ್ಕಿಲ್ಲ. ಹದಿನೈದು ಜನರ ಸಂಘಕ್ಕೆ ಇರಬೇಕು.

ಮುಟ್ಟು ಎಂದರೆ ಏನು?

ನಮ್ಮ ನಾಲ್ಕು ತಾಲೂಕುಗಳಲ್ಲಿ ಎಷ್ಟು ಜನಸಮುದಾಯಗಳಿವೆ ನೋಡಿ. ಜೋಯಿಡಾದ ಕುಣಬಿಗಳು, ಗೌಳಿಗಳು, ಹಳಿಯಾಳ ಮುಂಡಗೋಡದ ಸಿದ್ದಿಗಳು, ಮರಾಠರು, ಲಿಂಗಾಯತರು, ಮುಸಲ್ಮಾನರು, ಮುಂಡಗೋಡದ ತಾಂಡಾಗಳ ಲಂಬಾಣಿಗಳು, ಕಾಗದ ಕಾರ್ಖಾನೆಗೆಂದು ಎಲ್ಲೆಲ್ಲಿಂದಲೋ ಬಂದು ದಾಂಡೇಲಿಯಲ್ಲಿ ನೆಲೆಸಿದವರು. ಕನ್ನಡ, ಕೊಂಕಣಿ, ಮರಾಠಿ, ಉರ್ದು, ಲಂಬಾಣಿ, ಭಾಷೆ ಯಾವುದೇ ಇರಲಿ, ಮುಟ್ಟಿಗೆ ನೇರ ಹೆಸರಿಡಲು ಎಲ್ಲರಿಗೂ ಸಂಕೋಚ. ಕಡಿಗಾಗುವುದು, ಹೊರಗೆ ಕೂಡುವುದು, ಕಾಗೆ ಮುಟ್ಟಿತು ಅನ್ನುವುದು! ಮಗಳು ಮೊದಲ ಸಲ ರಕ್ತ ನೋಡಿ ಹೆದರಿ ಅಳುವಾಗ ತಾಯಿ ಹೇಳುವುದು “ಅದನ್ನು ಮುಟ್ಟಬೇಡ, ಅಲ್ಲಿ ಹೋಗಬೇಡ, ಗಂಡುಹುಡುಗರ ಜೊತೆ ಮಾತಾಡಬೇಡ” ಎಂಬ ಮೂರು ಬೇಡಗಳನ್ನು. ಯಾಕೆ ಎಂಬ ಒಂದು ಉತ್ತರ ಹೇಳುವುದಿಲ್ಲ. ತಾಯಿಗೂ ಅವಳ ತಾಯಿ ಹೇಳಿರಲಿಲ್ಲ.

ಉತ್ತರ ಕಷ್ಟದ್ದಲ್ಲ. ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಹುಡುಗಿಯ ಮಿದುಳಿನಿಂದ ಸಂಕೇತ ಹೊರಟು ಅಂಡಾಶಯಗಳು ಕೆಲಸ ಶುರು ಮಾಡುತ್ತವೆ. ಮೊದಲು ಎದೆ ಮೂಡುತ್ತದೆ, ಎತ್ತರ ಜೋರಾಗಿ ಬೆಳೆಯುತ್ತದೆ, ಕಂಕುಳಲ್ಲೂ ಗುಪ್ತಾಂಗದ ಸುತ್ತಲೂ ಕೂದಲು ಬರುತ್ತದೆ. ಇದೆಲ್ಲ ಶುರುವಾಗಿ ಎರಡು ಎರಡೂವರೆ ವರ್ಷದ ಮೇಲೆ ಮೊದಲ ಮುಟ್ಟು. ಗರ್ಭಕೋಶದ ಒಳಗೆ ಪ್ರತಿ ತಿಂಗಳೂ ಮೆತ್ತನೆಯ ಒಂದು ಪದರ ತಯಾರಾಗುತ್ತದೆ, ಗರ್ಭ ನಿಲ್ಲದಿದ್ದರೆ ಆ ಪದರ ಕಳಚಿ ರಕ್ತದೊಂದಿಗೆ ಹೊರಗೆ ಬರುತ್ತದೆ. ಅದು ಕೆಟ್ಟ ರಕ್ತವಲ್ಲ, ಮೈಲಿಗೆಯೂ ಅಲ್ಲ. ಕೂಸಿಗೆಂದು ಹಾಸಿದ ಹಾಸಿಗೆಯನ್ನು ಬೇಡವಾದಾಗ ತೆಗೆದ ಹಾಗೆ. ಒಂದು ಸಲಕ್ಕೆ ಹೋಗುವ ರಕ್ತ ಸಾಮಾನ್ಯವಾಗಿ ಎರಡು ಮೂರು ದೊಡ್ಡ ಚಮಚೆಯಷ್ಟು. ಅದಕ್ಕಿಂತ ಬಹಳ ಹೆಚ್ಚು ಹೋದರೆ, ವಾರಕ್ಕಿಂತ ಹೆಚ್ಚು ದಿನ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಬೇಕು. ಮೊದಲ ಒಂದೆರಡು ವರ್ಷ ತಿಂಗಳು ತಿಂಗಳು ಸರಿಯಾಗಿ ಬರದೆ ಇರಬಹುದು. ಅಂಡಾಶಯಗಳು ಇನ್ನೂ ಕೆಲಸ ಕಲಿಯುತ್ತಿರುತ್ತವೆ.

ಇಲ್ಲೇ ನಾನು ಆ ತಾಯಿಗೆ ಹೇಳಿದ ಮಾತು ಇದೆ. ಮೊದಲ ಮುಟ್ಟು ಎಂದರೆ ಶಾಲೆಯಲ್ಲಿ ಬೆಳಗಿನ ಮೊದಲ ಗಂಟೆ ಹೊಡೆದ ಹಾಗೆ. ಪಾಠ ಮುಗಿಯಿತು, ಮನೆಗೆ ಹೊರಡಿ ಎನ್ನುವ ಗಂಟೆಯಲ್ಲ. ಮುಟ್ಟಾದ ಮೇಲೂ ಹುಡುಗಿಯ ಕಟಿಯ ಎಲುಬು ವರ್ಷಗಟ್ಟಲೆ ಅಗಲವಾಗುತ್ತಾ ಹೋಗುತ್ತದೆ. ಎಲುಬಿಗೆ ಸುಣ್ಣದ ಅಂಶ ತುಂಬುತ್ತಿರುತ್ತದೆ. ತಿಂಗಳ ರಕ್ತದಿಂದ ಕಬ್ಬಿಣದ ಅಂಶ ಕಡಿಮೆಯಾಗಿ ಎಷ್ಟೋ ಹುಡುಗಿಯರು ರಕ್ತಹೀನತೆಯಲ್ಲಿರುತ್ತಾರೆ. ಅಂಥ ಮೈಗೆ ಹದಿನಾರರಲ್ಲಿ ಬಸುರಾದರೆ ನಂಜು ಏರುವುದು, ಹೆರಿಗೆ ಕಷ್ಟವಾಗುವುದು, ಕೂಸು ತೂಕ ಕಡಿಮೆ ಹುಟ್ಟುವುದು, ಎಲ್ಲವೂ ಹೆಚ್ಚು. ಇನ್ನು ಮನಸ್ಸಿನ ಮಾತು. ಯೋಚಿಸಿ ತೀರ್ಮಾನ ಮಾಡುವ ಮಿದುಳಿನ ಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಗಿಡ ಹೂ ಬಿಟ್ಟಿತು ಎಂದು ಅದೇ ದಿನ ಯಾವ ರೈತಳೂ ಹಣ್ಣು ಕೀಳಲು ಏಣಿ ಹಾಕುವುದಿಲ್ಲ. ಮಗಳ ವಿಷಯದಲ್ಲಿ ಮಾತ್ರ ಏಕೆ ಅವಸರ?

ಕೆಲವು ಹುಡುಗಿಯರಿಗೆ 15 ವರ್ಷ ತುಂಬಿದರೂ ಮುಟ್ಟು ಬರುವುದಿಲ್ಲ. ಆಗ ಮುಚ್ಚಿಡಬೇಡಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ. ಕೆಲವರಲ್ಲಿ ಸಣ್ಣ ಚಿಕಿತ್ಸೆಯಿಂದ ಸರಿಹೋಗುವ ತೊಂದರೆ. ಕೆಲವರಲ್ಲಿ ಹುಟ್ಟಿನಿಂದಲೇ ಗರ್ಭಕೋಶ ಬೆಳೆದಿರುವುದಿಲ್ಲ, ಸುಮಾರು ಐದು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹೀಗಿರುತ್ತದೆ. ಇನ್ನೂ ಅಪರೂಪಕ್ಕೆ, ನೋಡಲು ಹುಡುಗಿಯಾಗಿದ್ದು ವರ್ಣತಂತು ಎಕ್ಸ್ ವೈ ಇರುವವರೂ ಇದ್ದಾರೆ. ಪ್ರಕೃತಿಯಲ್ಲಿ ಹೆಣ್ಣು ಗಂಡು ಎಂಬ ಎರಡು ಡಬ್ಬಿಗಳ ನಡುವೆ ಜಾಗ ಇದೆ. ಇಂಥ ಮಗಳನ್ನು ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂದು ಸುಳ್ಳು ಹೇಳಿ ಕಳಿಸಿದರೆ, ನಾಳೆ ಗೊತ್ತಾದಾಗ ಅವಳು ತಿನ್ನುವ ಪೆಟ್ಟಿಗೆ ಯಾರು ಹೊಣೆ? ಅವಳಿಗೆ ಬೇಕಾದದ್ದು ಓದು, ಕೆಲಸ, ನಿಜ ತಿಳಿದ ಮನೆಯವರ ಬೆಂಬಲ.

ಗಂಡುಮಕ್ಕಳ ಪಾಠ

ಮಗಳಿಗೆ ಬೇಡಗಳಾದರೂ ಸಿಗುತ್ತವೆ. ಮಗನಿಗೆ ಅದೂ ಇಲ್ಲ. ಅವನಿಗೂ 9ರಿಂದ 14 ವರ್ಷದೊಳಗೆ ಮೈ ಬದಲಾಗಲು ಶುರುವಾಗುತ್ತದೆ, ಧ್ವನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ನಿದ್ದೆಯಲ್ಲಿ ವೀರ್ಯ ಹೋಗುತ್ತದೆ. ಇದು ರೋಗವಲ್ಲ, ಇದರಿಂದ ಶಕ್ತಿ ಕುಂದುವುದಿಲ್ಲ. ಆದರೆ ಹೇಳುವವರಿಲ್ಲದೆ ಹುಡುಗ ಹೆದರುತ್ತಾನೆ. ಆ ಹೆದರಿಕೆಯ ಮೇಲೆ ಲಾಡ್ಜಿನಲ್ಲಿ ಕೂತು ‘ಗುಪ್ತರೋಗ’ಕ್ಕೆ ಔಷಧಿ ಕೊಡುವವರ ವ್ಯಾಪಾರ ಹಿಂದಿನಿಂದಲೂ ನಡೆದಿದೆ. ಈಗ ಮೊಬೈಲ್ ಬಂದಿದೆ. ಅದರಲ್ಲಿ ಹುಡುಗ ನೋಡುವ ಚಿತ್ರಗಳಲ್ಲಿ ಹೆಣ್ಣಿಗೆ ಬೇಕೋ ಬೇಡವೋ ಎಂದು ಕೇಳುವ ಪದ್ಧತಿಯೇ ಇಲ್ಲ. ಅವನು ಅದನ್ನೇ ಗಂಡಸುತನ ಎಂದು ಕಲಿತು ಮದುವೆ ಮಂಟಪಕ್ಕೆ ಬಂದು ಕೂಡುತ್ತಾನೆ. ಜೊತೆಗೆ ವರದಕ್ಷಿಣೆಯನ್ನೂ ಪಡೆದಿರುತ್ತಾನೆ. ದುಡ್ಡು ಕೊಟ್ಟು ಕಳಿಸಿದ ವಸ್ತುವಿನ ಒಪ್ಪಿಗೆ ಯಾರು ಕೇಳುತ್ತಾರೆ?

ಮೊದಲ ರಾತ್ರಿ ಹಾಸಿಗೆಯ ಮೇಲೆ ರಕ್ತ ಕಾಣಲಿಲ್ಲ ಎಂದು ಹೆಣ್ಣನ್ನು ಅನುಮಾನಿಸಿ ಹಿಂಸಿಸುವವರು ಇನ್ನೂ ಇದ್ದಾರೆ. ಯೋನಿಯ ಬಾಯಲ್ಲಿರುವ ತೆಳು ಪೊರೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕೆಲವರಲ್ಲಿ ಹಿಗ್ಗುತ್ತದೆ, ಹರಿಯುವುದೇ ಇಲ್ಲ. ಎಷ್ಟೋ ಜನಕ್ಕೆ ಮೊದಲ ಸಲ ರಕ್ತ ಬರುವುದಿಲ್ಲ. ಅದನ್ನು ನೋಡಿ ಕನ್ಯೆಯೋ ಅಲ್ಲವೋ ಎಂದು ಯಾವ ಡಾಕ್ಟರಿಗೂ ಹೇಳಲಾಗದು. ಅತ್ಯಾಚಾರಕ್ಕೆ ಒಳಗಾದವರ ಮೇಲೆ ನಡೆಸುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ ಹೆಣ್ಣಿನ ಘನತೆಗೆ ಧಕ್ಕೆ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. 2022ರಲ್ಲಿ ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಇನ್ನೂ ಕಟುವಾಗಿ ಹೇಳಿತು.

ಮಗನ ವಿಷಯದಲ್ಲಿ ಇನ್ನೂ ಒಂದು ಮಾತು. ಕೆಲವು ಮಕ್ಕಳು ಹುಡುಗನಾಗಿ ಹುಟ್ಟಿದರೂ ತಾನು ಹೆಣ್ಣೆಂದೇ ತಿಳಿಯುತ್ತಾರೆ. ಕೆಲವರ ಮನಸ್ಸು ತಮ್ಮದೇ ಲಿಂಗದವರ ಕಡೆ ಹೋಗುತ್ತದೆ. ಇದು ಚಟವಲ್ಲ, ದೆವ್ವವಲ್ಲ. ಬಳ್ಳಾರಿ ಕಡೆಯ ಮಂಜಮ್ಮ ಜೋಗತಿಯವರು ಅಂಥ ಮಗುವಾಗಿ ಮನೆಯಲ್ಲಿ ಪಟ್ಟ ಪಾಡನ್ನು ತಾವೇ ಹೇಳಿಕೊಂಡಿದ್ದಾರೆ. ಮುಂದೆ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಇಂಥ ಮಗನಿಗೆ ‘ಒಂದು ಮದುವೆ ಮಾಡಿದರೆ ದಾರಿಗೆ ಬರುತ್ತಾನೆ’ ಎಂದು ವರದಕ್ಷಿಣೆ ತೆಗೆದುಕೊಂಡು ಮದುವೆ ಮಾಡುವವರನ್ನು ನಾನು ಕಂಡಿದ್ದೇನೆ. ಮನೆಗೆ ಬಂದ ಆ ಹೆಣ್ಣುಮಗಳು ಏನು ತಪ್ಪು ಮಾಡಿದ್ದಳು?

ಕಾಯ್ದೆ ಬಂದ ದಾರಿ

ಈ ಹೋರಾಟ ಇವತ್ತಿನದಲ್ಲ. ನಮ್ಮ ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದೇ ಮುಂಬಯಿಯಲ್ಲಿ ರಖ್ಮಾಬಾಯಿ ಎಂಬ ಹೆಣ್ಣುಮಗಳಿಗೆ 11ನೇ ವಯಸ್ಸಿಗೆ ಮದುವೆ ಮಾಡಿದ್ದರು. ದೊಡ್ಡವಳಾದ ಮೇಲೆ ಆಕೆ, ನಾನು ಒಪ್ಪದ ಮದುವೆ, ಗಂಡನ ಮನೆಗೆ ಹೋಗುವುದಿಲ್ಲ ಎಂದಳು. ಗಂಡ ಕೋರ್ಟಿಗೆ ಹೋದ. 1887ರಲ್ಲಿ ನ್ಯಾಯಾಲಯ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಎಂದಿತು. ಜೈಲಿಗೆ ಹೋಗುತ್ತೇನೆ ಎಂದಳು! ಕೊನೆಗೆ 1888ರಲ್ಲಿ ಹಣ ಕೊಟ್ಟು ರಾಜಿಯಾಯಿತು. ಆಕೆ ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದು ಸೂರತ್ತು, ರಾಜಕೋಟೆಗಳಲ್ಲಿ ಹೆಂಗಸರಿಗೆ ಚಿಕಿತ್ಸೆ ಮಾಡಿದಳು. ಇತ್ತ ಕಲಕತ್ತೆಯಲ್ಲಿ ಹತ್ತು ಹನ್ನೊಂದು ವರ್ಷದ ಫುಲ್‌ಮಣಿ ಎಂಬ ಹುಡುಗಿ ಗಂಡನ ಬಲಾತ್ಕಾರದಿಂದ ರಕ್ತ ಸುರಿದು ಸತ್ತಳು. ಇಷ್ಟೆಲ್ಲ ಆದ ಮೇಲೆ 1891ರಲ್ಲಿ ಸರಕಾರ ಒಪ್ಪಿಗೆಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಅದಕ್ಕೂ ದೊಡ್ಡ ದೊಡ್ಡವರ ವಿರೋಧ ಇತ್ತು. 1929ರಲ್ಲಿ ಹುಡುಗಿಯ ಮದುವೆಯ ವಯಸ್ಸು 14 ಆಯಿತು, 1949ರಲ್ಲಿ 15, 1978ರಲ್ಲಿ 18. ಹನ್ನೆರಡರಿಂದ ಹದಿನೆಂಟಕ್ಕೆ ಬರಲು ನಮಗೆ 87 ವರ್ಷ ಬೇಕಾಯಿತು.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ತಂದು, ನಮ್ಮ ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಮಾಡಿದೆ. 18 ತುಂಬದ ಹೆಂಡತಿಯೊಂದಿಗೆ ಗಂಡ ಕೂಡಿದರೂ ಅದು ಅತ್ಯಾಚಾರ ಎಂದು ಸುಪ್ರೀಂ ಕೋರ್ಟು 2017ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. ಅಂದರೆ ಆವತ್ತು ಸಂಘದಲ್ಲಿ ಕೇಳಿದ 50,000 ರೂಪಾಯಿ ಮದುವೆಯ ಸಾಲವಲ್ಲ, ಅಪರಾಧಕ್ಕೆ ಕೊಡುವ ಸಾಲ.

ಹಾಗಿದ್ದರೆ 18 ತುಂಬಿದ ಹೆಂಡತಿಗೆ ಒಪ್ಪಿಗೆ ಬೇಡವೇ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗಂಡನಿಗೆ ಆ ರಿಯಾಯಿತಿಯನ್ನು ಹಾಗೇ ಉಳಿಸಿದ್ದಾರೆ. 2022ರ ಮಾರ್ಚಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಹೆಂಡತಿಯ ಮೇಲೆ ಅತ್ಯಾಚಾರ ಮಾಡಿದ ಆರೋಪ ಹೊತ್ತ ಗಂಡನ ವಿಚಾರಣೆಯನ್ನು ರದ್ದು ಮಾಡಲು ಒಪ್ಪಲಿಲ್ಲ. ಅದೇ ವರ್ಷ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆದರೆ ಅಲ್ಲಿಯವರೆಗೆ ಕೈ ಕಟ್ಟಿ ಕೂಡಬೇಕಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ದೌರ್ಜನ್ಯವೇ ಎಂದು ಬರೆದಿದೆ. ಮನೆಯಿಂದ ಹೊರಹಾಕದಂತೆ, ಹೊಡೆಯದಂತೆ, ಜೀವನಾಂಶ ಕೊಡುವಂತೆ ಆದೇಶ ಕೇಳಬಹುದು. ಕೇಂದ್ರ ಸರಕಾರದ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಅದೇ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಜನರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಈ ಎರಡು ಅಂಕಿಗಳನ್ನು ಬೇರೆ ಬೇರೆ ಇಟ್ಟು ನೋಡಬಾರದು.

‘ಹುಡುಗಿ ಓಡಿಹೋದರೆ?’

ಇದು ಎಲ್ಲ ತಾಯಂದಿರ ಪ್ರಶ್ನೆ. ಅವರ ಭಯವನ್ನು ನಾನು ಹಗುರ ಮಾಡುವುದಿಲ್ಲ. ಕಬ್ಬು ಕಡಿಯಲು, ಕೂಲಿಗೆ ಹೊರಟ ತಾಯಿ ಬೆಳೆದ ಮಗಳನ್ನು ಒಂಟಿ ಮನೆಯಲ್ಲಿ ಬಿಟ್ಟು ಹೋಗಬೇಕು. ಜೋಯಿಡಾದ ಕಾಡುಹಳ್ಳಿಗಳಲ್ಲಿ ಬಸ್ಸು ತಪ್ಪಿದರೆ ಹುಡುಗಿ ಮೈಲುಗಟ್ಟಲೆ ನಡೆದು ಬರಬೇಕು. ಏನಾದರೂ ಆದರೆ ಊರು ದೂರುವುದು ತಾಯಿಯನ್ನೇ. ಆದರೆ ಕೇಳಿಕೊಳ್ಳಿ, ಮದುವೆ ಮಾಡಿ ಕಳಿಸಿದರೆ ಅಪಾಯ ತಪ್ಪಿತೇ, ಅಥವಾ ನಮ್ಮ ಕಣ್ಣಿನಿಂದ ದೂರವಾಯಿತೇ? ಹದಿಹರೆಯದಲ್ಲಿ ಒಬ್ಬರ ಮೇಲೆ ಒಬ್ಬರಿಗೆ ಮನಸ್ಸಾಗುವುದು ಮೈಯ ಧರ್ಮ. ಅದನ್ನು ಹೊಡೆದು ಅಡಗಿಸಲು ಹೋದರೆ ಹುಡುಗಿ ನಮಗೆ ಹೇಳುವುದನ್ನು ನಿಲ್ಲಿಸುತ್ತಾಳೆ. ಗರ್ಭ ಹೇಗೆ ನಿಲ್ಲುತ್ತದೆ, ಬೇಡ ಎನ್ನುವುದು ಹೇಗೆ, ಯಾರಾದರೂ ಮೈ ಮುಟ್ಟಿದರೆ ಯಾರಿಗೆ ಹೇಳಬೇಕು ಎಂದು ತಿಳಿದ ಹುಡುಗಿಯೇ ಹೆಚ್ಚು ಸುರಕ್ಷಿತ. ತಿಳಿಸಿದರೆ ಕೆಡುತ್ತಾರೆ ಎಂದು 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಶಾಲೆಯ ಹದಿಹರೆಯದ ಶಿಕ್ಷಣವನ್ನು ತಡೆದವು. ಪಾಠ ನಿಂತಿತು. ಮೊಬೈಲ್ ನಿಂತಿತೇ?

ತಿಳಿಸುವುದು ನಮ್ಮ ಸಂಸ್ಕೃತಿಯಲ್ಲ ಎನ್ನುವವರಿಗೆ ಡಾಕ್ಟರ್ ಅನುಪಮಾ ನಿರಂಜನರ ನೆನಪು ಮಾಡುತ್ತೇನೆ. ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಎಂಬ ಪುಸ್ತಕಗಳನ್ನು ಅವರು ಕನ್ನಡದ ಹೆಣ್ಣುಮಕ್ಕಳಿಗೆ ಸರಳವಾಗಿ ಬರೆದುಕೊಟ್ಟರು. 1991ರಲ್ಲಿ ತೀರಿಹೋದ ಅವರು ಅಂದೇ ಮುರಿದ ಸಂಕೋಚವನ್ನು ನಾವು ಮತ್ತೆ ಕಟ್ಟಿಕೊಳ್ಳಬೇಕೇ?

ಸಂಘ ಮಾಡಬೇಕಾದದ್ದು

ದುಡ್ಡಿನ ಕೀಲಿಕೈ ನಿಮ್ಮ ಕೈಯಲ್ಲಿದೆ. ಆದ್ದರಿಂದ ಮೊದಲ ಕೆಲಸ ನಿಮ್ಮ ಠರಾವು ಪುಸ್ತಕದಲ್ಲಿ. 18 ತುಂಬದ ಹುಡುಗಿಯ, 21 ತುಂಬದ ಹುಡುಗನ ಮದುವೆಗೆ ಸಾಲವಿಲ್ಲ, ವರದಕ್ಷಿಣೆಗೆ ಸಾಲವಿಲ್ಲ ಎಂದು ಬರೆದು ಎಲ್ಲರೂ ಸಹಿ ಹಾಕಿ. ಮದುವೆಯ ಸಾಲ ಕೇಳಿದವರಿಂದ ಮಗಳ ಶಾಲೆಯ ದಾಖಲೆ ಕೇಳಿ. ಅದೇ ಹಣವನ್ನು ಹಾಸ್ಟೆಲಿಗೆ, ಬಸ್ ಪಾಸಿಗೆ, ಕಾಲೇಜಿನ ಫೀಗೆ ಕಡಿಮೆ ಬಡ್ಡಿಯಲ್ಲಿ ಕೊಡಿ.

ಎರಡನೆಯದು, ತಿಂಗಳಿಗೊಂದು ಸಭೆಯಲ್ಲಿ ಅರ್ಧ ಗಂಟೆ ಮೈಯ ಪಾಠಕ್ಕೆ ಇಡಿ. ಆಶಾ ಕಾರ್ಯಕರ್ತೆಯನ್ನು, ನರ್ಸನ್ನು ಕರೆಯಿರಿ. ಬೆಳೆದ ಹೆಣ್ಣುಮಕ್ಕಳನ್ನು ಕೂಡಿಸಿಕೊಳ್ಳಿ. ಗಂಡುಮಕ್ಕಳಿಗೂ ಬೇರೆ ಒಂದು ದಿನ ಇಡಿ. ಹದಿಹರೆಯದವರಿಗೆಂದೇ ಸರಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ವ್ಯವಸ್ಥೆ ಇದೆ, ಅದನ್ನು ಬಳಸಿ.

ಮೂರನೆಯದು, ಮೂರು ನಂಬರುಗಳನ್ನು ಸಂಘದ ಗೋಡೆಯ ಮೇಲೆ ಬರೆಯಿರಿ. ಮಕ್ಕಳಿಗೆ 1098, ಮಹಿಳೆಯರಿಗೆ 181, ತುರ್ತಿಗೆ 112. ಬಾಲ್ಯವಿವಾಹವಿರಲಿ, ಮನೆಯೊಳಗಿನ ಹೊಡೆತವಿರಲಿ, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಒಬ್ಬಳೇ ಹೋಗಬೇಡಿ, ಐದಾರು ಜನ ಕೂಡಿ ಹೋಗಿ.

ಆವತ್ತು ಆ ಹಳ್ಳಿಯ ಸಭೆ ಕತ್ತಲಾಗುವ ತನಕ ನಡೆಯಿತು. ಜಗಳವೂ ಆಯಿತು. “ನೀವು ಹೇಳಿ ಹೋಗ್ತೀರಿ, ನಾಳೆ ಅನುಭವಿಸೋರು ನಾವು” ಎಂದು ಒಬ್ಬರು ನನ್ನ ಮುಖದ ಮೇಲೇ ಹೇಳಿದರು. ಅದು ನಿಜ, ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ಮೂಲೆಯಲ್ಲಿ ಕೂತಿದ್ದ ಒಬ್ಬ ಹಿರಿಯ ಸದಸ್ಯೆ. “ನನಗ ಹದಿಮೂರಕ್ಕ ಲಗ್ನ ಮಾಡಿದ್ರು. ಹದಿನೈದಕ್ಕ ಮೊದಲನೇ ಕೂಸು, ಹೊಟ್ಟ್ಯಾಗ ಸತ್ತು ಹುಟ್ಟಿತು. ಆ ಸುದ್ದಿ ಇವತ್ತಿನ ತನಾ ಯಾರ ಮುಂದೂ ಹೇಳಿಲ್ಲ” ಎಂದರು. ಆಮೇಲೆ ಯಾರೂ ಬಹಳ ಮಾತಾಡಲಿಲ್ಲ. ಸಾಲದ ಅರ್ಜಿಯನ್ನು ಮುಂದೂಡಿದರು.

ಹುಡುಗಿ ಹತ್ತನೇ ತರಗತಿಯ ಪರೀಕ್ಷೆ ಬರೆದಳು. ಈಗ ಕಾಲೇಜಿಗೆ ಹೋಗುತ್ತಿದ್ದಾಳೆ, ಅವಳ ಬಸ್ ಪಾಸಿಗೆ ಸಂಘವೇ ಸಾಲ ಕೊಟ್ಟಿದೆ. ವರನ ಕಡೆಯವರು ಮತ್ತೆ ಕೇಳಲು ಬಂದಿದ್ದರಂತೆ. ಹದಿನೆಂಟು ತುಂಬಲು ಇನ್ನೂ ಕಾಲವಿದೆ. ಅಲ್ಲಿಯ ತನಕ ಆ ತಾಯಿಯ ಜೊತೆ ನಿಲ್ಲುವುದು ಆ ಹದಿನೈದು ಜನರ ಕೆಲಸ. ನಿಮ್ಮ ಊರಿನಲ್ಲೂ ಅಂಥ ಒಬ್ಬ ಹುಡುಗಿ ಇರುತ್ತಾಳೆ. ಮುಂದಿನ ಸಭೆಯಲ್ಲಿ ಅವಳ ಮಾತು ತೆಗೆಯಿರಿ.